ಜಾರಿದ ಹರಳು

ಸ್ಪ್ರೂಸ್ ಕೋವ್, ಮೇನ್
ಜೂನ್ 9, 2014

ಪ್ರೀತಿಯ ತಮ್ಮ ಎಮರಿಗೆ,

ಹೇಗಿದ್ದೀಯ? ಮೊಣಕಾಲು ನೋವು ಕಮ್ಮಿಯಾಯಿತೇ? ಹನ್ನೊಂದು ವರ್ಷದ ಮೇಲೆ ಇದನ್ನು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಅತ್ತಿಗೆ ಡೀಲಿಯಾ ಚೆನ್ನಾಗಿದ್ದಾಳೆ. ಚಿಪ್ಪುಮೀನಿನ ಸಾರಿಗೆ ಇವತ್ತಿಗೂ ಉಪ್ಪು ಜಾಸ್ತಿ.

ಸುದ್ದಿ ನನ್ನದೇ. ಫೆಬ್ರವರಿಯಿಂದ ತುಟಿ, ಬೆರಳ ತುದಿ ಜುಮುಗುಡುತ್ತಿದ್ದವು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮಗ್ಗುಲು ಬದಲಿಸಿದರೆ ಸೂರು ಗಿರ್ರನೆ ತಿರುಗುತ್ತಿತ್ತು. ಅರ್ಧ ನಿಮಿಷ, ಆಮೇಲೆ ಏನೂ ಇಲ್ಲ. ಹೇಳಿದರೆ ಡೀಲಿಯಾ ದೋಣಿ ಹತ್ತಲು ಬಿಡುವುದಿಲ್ಲವೆಂದು ಬಾಯಿ ಮುಚ್ಚಿಕೊಂಡಿದ್ದೆ. ಈಗ ನನ್ನ ಜೊತೆ ಕೆಲಸಕ್ಕೆ ಬರುವವಳು ಮಗಳು ನೆಲ್. ಇಪ್ಪತ್ತೇಳು ತುಂಬಿತು, ಬಾಯಿ ಮಾತ್ರ ನಮ್ಮಮ್ಮನದೇ. ಮೇ ತಿಂಗಳಲ್ಲಿ ನೀರಿಗೆ ಇಳಿಬಿಟ್ಟಿದ್ದ ಲಾಬ್‌ಸ್ಟರ್ ಹಿಡಿಯುವ ಪೆಟ್ಟಿಗೆ ಎತ್ತುವಾಗ ರಾಟೆ ನೋಡಲೆಂದು ಕತ್ತೆತ್ತಿದೆ. ಸಮುದ್ರ ತಲೆಯ ಮೇಲೆ ಬಂತು. ಅಂಚಿನಾಚೆ ಬೀಳುತ್ತಿದ್ದವನನ್ನು ನೆಲ್ ಒಂದು ಕೈಯಲ್ಲಿ ಹಿಡಿದೆಳೆದಳು. ಇನ್ನೊಂದು ಕೈ ಹಗ್ಗದ ಜೊತೆ, ಹಗ್ಗ ಎಳೆಯುವ ಯಂತ್ರಕ್ಕೆ ಸಿಕ್ಕಿತು. ಎರಡು ಬೆರಳು ಹೋದವು, ಎಮರಿ. ಬಲಗೈಯವು. ದಡಕ್ಕೆ ಬರುವಾಗ ಅವಳು ಕೇಳಿದ್ದು ಒಂದೇ: "ಅಪ್ಪಾ, ಮೊದ್ಲೇ ಯಾಕೆ ಹೇಳ್ಲಿಲ್ಲ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ನನ್ನನ್ನೂ ಪರೀಕ್ಷಿಸಿದರು. ಡಾಕ್ಟರಮ್ಮ ನನ್ನ ತಲೆ ಹೊರಳಿಸಿ ಮಲಗಿಸಿ, ಕಣ್ಣುಗುಡ್ಡೆ ಅದುರುವುದನ್ನು ನೋಡಿ, "ಕಿವಿಯೊಳಗೆ ಸುಣ್ಣದ ಸಣ್ಣ ಹರಳುಗಳಿರ್ತವೆ. ನಿಮ್ಮವು ಜಾಗ ಬಿಟ್ಟು ಜಾರಿವೆ, ತಲೆ ತಿರುಗೋದು ಅದಕ್ಕೇ" ಅಂದರು. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ಮೆಗ್ನೀಷಿಯಂ ಕೂಡ. ಹರಳು ಜಾರಿದ್ದಕ್ಕೂ ಇದಕ್ಕೂ ನಂಟಿರಬಹುದು, ಖಚಿತವಾಗಿ ಹೇಳಲಾರೆ ಅಂದರು. ಆಮೇಲೆ, "ಮನೇಲಿ ಇನ್ಯಾರಿಗಾದ್ರೂ ಹೀಗಾಗಿತ್ತಾ?" ಅಂತ ಕೇಳಿದರು.

ನೀನು ದೋಣಿಯ ಹಲಗೆ ತಬ್ಬಿಕೊಂಡು ವಾಂತಿ ಮಾಡಿದ ದಿನ ಕಣ್ಣಿಗೆ ಕಟ್ಟಿತು. "ಅಣ್ಣಾ, ಒಂದು ತೊಟ್ಟೂ ಮುಟ್ಟಿಲ್ಲ. ಎಲ್ಲಾ ತಿರುಗ್ತಿದೆ" ಅಂದೆ. ಬೆರಳು ಜೋಮು ಹಿಡಿದಿದೆ ಅಂತಲೂ ಅಂದೆ. ನಾನು ಇಡೀ ಬಂದರಿಗೆ ಕೇಳುವಂತೆ, "ಕುಡುಕ ನನ್ನ ಮಗನೇ, ಇಳಿ ನನ್ನ ದೋಣಿಯಿಂದ" ಅಂದೆ. ಜನ ನಕ್ಕರು. ನೀನು ಊರು ಬಿಟ್ಟೆ. ಆ ವರ್ಷ ನಿನಗೆ ಯಾರೂ ಕೆಲಸ ಕೊಡದ ಹಾಗೆ ಮಾಡಿದ್ದೂ ನಾನೇ. ಕರಾವಳಿಯುದ್ದಕ್ಕೂ ದೋಣಿಯವರಿಗೆಲ್ಲ ಫೋನ್ ಮಾಡಿದ್ದೆ. ಇದು ನಿನಗೆ ಗೊತ್ತಿರಲಿಲ್ಲ. ಈಗ ತಿಳಿದಿರಲಿ. ಬಂದರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸತ್ಯ ಹೇಳಿದ್ದೇನೆ. ಕೇಳಿದವರಲ್ಲಿ ಅರ್ಧ ಜನಕ್ಕೆ ನಿನ್ನ ಹೆಸರೇ ನೆನಪಿಲ್ಲ.

ಕ್ಷಮಿಸು ಅನ್ನಲು ಧೈರ್ಯ ಸಾಲದು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಥರ್ಲೋ

ಮರೆಯುವ ಮೊದಲು: ನೆಲ್‌ಳ ರಕ್ತದಲ್ಲೂ ಕ್ಯಾಲ್ಸಿಯಂ ಕಮ್ಮಿ ಇದೆಯೆಂದು ಇವತ್ತು ತಿಳಿಯಿತು. ಇದು ವಂಶದಲ್ಲೇ ಬರುವುದಂತೆ, ಒಡಹುಟ್ಟಿದವರೂ ನೋಡಿಸಿಕೊಳ್ಳಲೇಬೇಕಂತೆ. ನೀನು ಈಗ ಚಾವಣಿ ಹೊದಿಸುವ ಕೆಲಸದಲ್ಲಿದ್ದೀಯಂತೆ. ಮೊದಲು ರಕ್ತ ಪರೀಕ್ಷೆ ಮಾಡಿಸು. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಅಲ್ಲಿಯತನಕ ಏಣಿ ಮಾತ್ರ ಹತ್ತಬೇಡ.