ನೂರ ಮೂವತ್ತೆಂಟು ವೋಟು

ಡಿಸೆಂಬರ್ 3, ಮಂಗಳವಾರ. ಬೆಳಿಗ್ಗೆ 6

ಹೊಸ ನೋಟ್‌ಬುಕ್. ಮೊದಲ ಪುಟದಲ್ಲಿ ಯಾರದ್ದೆಂದು ಬರೆಯುವುದು ಶಾಲೆಯಿಂದ ಬಂದ ಅಭ್ಯಾಸ. ಬರೆಯುತ್ತೇನೆ.

ಈ ಮನೆಯ ಯಜಮಾನಿ ನಾನು. ಕೆಳಗಿನ ಹೊಲಿಗೆ ಶೆಡ್ಡಿಗೂ ನಾನೇ. ಓದಿದ್ದು ಹೈಸ್ಕೂಲು. ಗಂಡ ತೀರಿಕೊಂಡಾಗ ನಾಲ್ಕು ಮಷಿನ್ ಇದ್ದವು, ಈಗ ನಲವತ್ತು. ಮೂರು ಆಸ್ಪತ್ರೆ, ಏಳು ಶಾಲೆಯ ಯೂನಿಫಾರಂ ನಮ್ಮಲ್ಲೇ ಹೊಲಿಯುವುದು. ಶೆಡ್ಡಿನ ತುದಿಯಲ್ಲಿ ನನ್ನ ಎತ್ತರ ಬೆನ್ನಿನ ಕುರ್ಚಿ ಇದೆ. ನಾನು ಕೂತ ಮೇಲೆ ಮಷಿನ್ ಶುರು, ಎದ್ದ ಮೇಲೆ ಬಂದ್. ನಾನಿಲ್ಲದಾಗ ಅದರಲ್ಲಿ ಯಾರೂ ಕೂತವರಿಲ್ಲ.

ಇವತ್ತು ನರ್ಸ್ ಕೋಟು ಇನ್ನೂರು ಹೋಗಬೇಕು. ಕಾಲರ್ ಪೀಸ್ ಕಡಿಮೆ ಬಿದ್ದಿದೆ. ಕಟಿಂಗ್ ಮಾಸ್ಟರ್‌ಗೆ ಹೇಳಬೇಕು.

ಮಗಳು ನಿನ್ನೆಯೂ ಮಹಡಿಯಿಂದ ಇಳಿಯಲಿಲ್ಲ. ಹದಿನೇಳು ದಿನ. ಬಾಗಿಲಲ್ಲಿಟ್ಟ ತಟ್ಟೆ ಇಟ್ಟಂತೆಯೇ ಇತ್ತು.

ಡಿಸೆಂಬರ್ 5, ಗುರುವಾರ

ಬಡಗಿಯನ್ನು ಕರೆಸಿ ಅವಳ ಕೋಣೆಯ ಒಳಚಿಲಕ ಬಿಚ್ಚಿಸಿದೆ. ಬಚ್ಚಲಿನದ್ದೂ. ಕತ್ತರಿ ಪೆಟ್ಟಿಗೆ ಕೆಳಗೆ ತಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಸ್ಕ್ರೂ ಒಂದೊಂದೇ ಕೆಳಗೆ ಬೀಳುವ ಸದ್ದು.

“ಚಿಲಕ ತೆಗೆದ್ರೆ ಸರಿಹೋಗ್ತೀನಾ ಅಮ್ಮ?”

“ಎದ್ದು ಮುಖ ತೊಳ್ಕೊ” ಎಂದೆ.

ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಶೆಡ್ಡು ನೋಡಿಕೊ ಎಂದರೆ ಸಿನಿಮಾ ಮಾಡುತ್ತೇನೆ ಎಂದು ಹೊರಟಳು. ಹೋಗುವ ದಿನ ಹೇಳಿದ್ದೆ — ಮಾಡು, ನಾನಂತೂ ನೋಡುವುದಿಲ್ಲ. ನೋಡಿಲ್ಲ. ಆಡಿದ ಮಾತು ಹಿಂದೆ ತೆಗೆದುಕೊಂಡವಳಲ್ಲ. ಮೂರು ವರ್ಷ ಊಟ ನಿದ್ದೆ ಬಿಟ್ಟು ಮಾಡಿದ ಸಿನಿಮಾ ಒಂದು ವಾರ ಓಡಿತು. ಎಂಟನೇ ದಿನ ಪೋಸ್ಟರ್ ಮೇಲೆ ಬೇರೆ ಪೋಸ್ಟರ್ ಅಂಟಿಸಿದರು. ಅವತ್ತು ಮನೆಗೆ ಬಂದು ಮಲಗಿದವಳು ಎದ್ದಿಲ್ಲ.

ಡಿಸೆಂಬರ್ 9, ಸೋಮವಾರ. ಊಟದ ಬಿಡುವು

ತಮ್ಮ ಬಂದಿದ್ದ. ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ, ಇರುವುದು ಥಿಯೇಟರಿನಲ್ಲಿ. ಬೀದಿಯವರೆಲ್ಲ ಅವನನ್ನು ಫಸ್ಟ್ ಶೋ ಎಂದೇ ಕರೆಯುವುದು. ಅವನದೊಂದು ಸಿನಿಮಾ ಅಭಿಮಾನಿಗಳ ಕೂಟ. ವರ್ಷಕ್ಕೊಮ್ಮೆ ಫೋನಿನಲ್ಲಿ ವೋಟು ಹಾಕಿಸುತ್ತಾರೆ — ಒಳ್ಳೆಯ ಸಿನಿಮಾ ಯಾವುದು, ಕಳಪೆ ಯಾವುದು. ಒಳ್ಳೆಯ ಐದನ್ನು ಮತ್ತೆ ಥಿಯೇಟರಿಗೆ ತರುತ್ತಾರೆ. ಕಳಪೆ ಸಿನಿಮಾ ಮಾಡಿದವರ ಮನೆಗೆ ಹಳೇ ಬಾಲ್ಕನಿಯಿಂದ ಒಂದು ಮುರಿದ ಕುರ್ಚಿ ಕಿತ್ತು, ಹೂವು ಕಟ್ಟಿ, ಹೊತ್ತುಕೊಂಡು ಹೋಗಿ ಕೊಟ್ಟು ಫೋಟೋ ತೆಗೆಯುತ್ತಾರೆ. ಮನುಷ್ಯರು ಮಾಡುವ ಕೆಲಸವೇ ಇದು?

“ಅಕ್ಕ, ಇವಳದ್ದು ಮೊದಲ ಐದರಲ್ಲಿ ಬಂದ್ರೆ ಎರಡನೇ ಸಿನಿಮಾ ಬಗ್ಗೆ ಮಾತಾಡೋಣ ಅಂದಿದಾರಂತೆ ಒಬ್ಬ ನಿರ್ಮಾಪಕರು. ಉಳಿದಿರೋದು ಅದೊಂದೇ ದಾರಿ. ಅದಕ್ಕೇ ಅವಳು ಉಸಿರು ಹಿಡ್ಕೊಂಡಿರೋದು.”

“ಬರುತ್ತಾ?”

“ಹೀರೋಗಳ ಸಿನಿಮಾಗೆ ನೂರುಗಟ್ಟಲೆ ಬೀಳತ್ತೆ. ಇವಳ ಸಿನಿಮಾ ನೋಡಿದೋರೇ ಇನ್ನೂರು ಜನ ಇದ್ರೆ ಹೆಚ್ಚು.”

“ಎಣಿಸೋನು ನೀನೇ ತಾನೆ?”

ಎದ್ದು ನಿಂತ. “ಹೆಂಡತಿ ಹತ್ರ ಸುಳ್ಳು ಹೇಳ್ತೀನಿ. ಅಂಗಡಿ ಮುಚ್ಚಿ ಮ್ಯಾಟಿನಿಗೆ ಹೋಗಿ ನಿಂಗೂ ಸುಳ್ಳು ಹೇಳ್ತೀನಿ. ವೋಟಲ್ಲಿ ಮಾತ್ರ ಕೇಳ್ಬೇಡ ಅಕ್ಕ.”

ಇವನಿಗೂ ಒಂದು ಮಾನ ಇದೆ ಎಂದು ಇವತ್ತೇ ಗೊತ್ತಾದದ್ದು. ಕೇಳಲಿಲ್ಲ. ಬೇರೆ ದಾರಿ ಇದೆ.

ಡಿಸೆಂಬರ್ 11, ಬುಧವಾರ

ಮಷಿನ್ ನಿಲ್ಲಿಸಿ ಎಲ್ಲರನ್ನೂ ಸೇರಿಸಿದೆ. ಬೋರ್ಡಿನ ಮೇಲೆ ಸಿನಿಮಾದ ಹೆಸರು ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ. ಪ್ರತಿಯೊಬ್ಬರೂ ವೋಟು ಹಾಕಬೇಕು, ಮನೆಯವರಿಂದಲೂ ಹಾಕಿಸಬೇಕು. ಈ ಹೆಸರು ಬಿಟ್ಟು ಇನ್ನೊಂದು ಹೆಸರು ಬರೆಯಕೂಡದು. ಹಾಕಿದವರು ರಿಜಿಸ್ಟರಿನಲ್ಲಿ ಫೋನ್ ನಂಬರ್ ಬರೆದು ಸಹಿ ಮಾಡಬೇಕು. ಫಸ್ಟ್ ಶೋ ಕಿವಿಗೆ ಬೀಳಕೂಡದು.

ಕಾಜಾ ಹಾಕುವವಳು ಕೈ ಎತ್ತಿದಳು. ಹದಿನೆಂಟು ವರ್ಷದಿಂದ ಗುಂಡಿಯ ತೂತು ಹೊಲಿಯುತ್ತಿದ್ದಾಳೆ, ನನ್ನೆದುರು ಗಟ್ಟಿಯಾಗಿ ಮಾತಾಡಿದವಳಲ್ಲ.

“ಅಮ್ಮನವರೇ, ಫಾರಂನಲ್ಲಿ ಇನ್ನೊಂದು...”

“ಹೇಳಿದಷ್ಟು ಮಾಡು. ಬೇರೆ ಹೆಸರು ಬರೆದೋರು ನಾಳೆಯಿಂದ ಬರೋದು ಬೇಡ.”

ಕೂತಳು. ನನ್ನದು ಒತ್ತುವ ಗುಂಡಿಯ ಹಳೇ ಫೋನು. ಆ ಫಾರಂ ಹೇಗಿರುತ್ತದೋ ನಾನು ನೋಡಿಲ್ಲ. ನೋಡುವ ಅಗತ್ಯವೂ ಇಲ್ಲ.

ಡಿಸೆಂಬರ್ 20, ಶುಕ್ರವಾರ

ರಿಜಿಸ್ಟರ್ ಎಣಿಸಿದೆ. ನೂರ ಮೂವತ್ತೆಂಟು.

ಮಹಡಿಗೆ ಹೋದೆ. “ಐದರಲ್ಲಿ ಬರುತ್ತೆ. ಎದ್ದೇಳು.”

“ನೀನು ಹೇಗೆ ಹೇಳ್ತೀಯಾ? ನೋಡೇ ಇಲ್ಲ ನೀನು.”

“ನನ್ನ ಮಾತು ಯಾವತ್ತು ಸುಳ್ಳಾಗಿದೆ?”

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಚಿಕ್ಕವಳಿದ್ದಾಗ ಜ್ವರದಲ್ಲಿ ಹೀಗೇ ನೋಡುತ್ತಿದ್ದಳು. ಸಂಜೆ ಇಳಿದು ಬಂದಳು. ಸ್ನಾನ ಮಾಡಿದಳು. ಎರಡು ಸಲ ಅನ್ನ ಹಾಕಿಸಿಕೊಂಡಳು.

ಜನವರಿ 1, ಬುಧವಾರ

ನಿನ್ನೆಗೆ ವೋಟು ಮುಗಿಯಿತು. ಮಗಳು ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದಾಳೆ. ಎರಡನೆಯದರ ಕಥೆಯಂತೆ. ಗುನುಗುವುದೂ ಕೇಳಿಸಿತು. ಶಾಲೆ ಆರ್ಡರ್ ನೆಪ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತೆ.

ಜನವರಿ 5, ಭಾನುವಾರ. ಸಂಜೆ 4

ಅಕ್ಷರ ಸೊಟ್ಟ.

ತಮ್ಮ ಬಂದ. ಚಪ್ಪಲಿ ಬಿಡದೆ ಒಳಗೆ ಬಂದ. ಬಾಗಿಲು ಹಾಕಿಕೊಂಡ.

“ಅಕ್ಕ, ಯಾರ್ಗೂ ಮೊದ್ಲೇ ಹೇಳಬಾರದು. ಆದ್ರೂ ಹೇಳ್ತೀನಿ. ಒಳ್ಳೇ ಲಿಸ್ಟಲ್ಲಿ ಅವಳ ಸಿನಿಮಾ ಏಳನೇದು. ನೂರರವತ್ತು ವೋಟು. ಮೂವತ್ತು ಕಮ್ಮಿ ಬಿತ್ತು ಐದಕ್ಕೆ.”

ಮೂವತ್ತು. ಇನ್ನು ಹತ್ತು ಮನೆಯವರು.

“ಇನ್ನೂ ಇದೆ. ಕಳಪೆ ಲಿಸ್ಟಲ್ಲಿ... ಅವಳದ್ದೇ ಮೊದಲು. ನೂರ ನಲವತ್ತೆರಡು. ಯಾರೋ ಬೇಕಂತ ಮಾಡಿದಾರೆ. ಒಂದೇ ಫೋನಿಂದ ಒಳ್ಳೇದೂ ಅದೇ, ಕಳಪೇನೂ ಅದೇ. ಇಪ್ಪತ್ತು ವರ್ಷದಲ್ಲಿ ಇಂಥಾ ಗೇಲಿ ನಾನು ನೋಡಿಲ್ಲ. ಯಾವ ಹಗೆ ಇದೆಯೋ ಅವಳ ಮೇಲೆ.”

ಅವನು ಹೋದ ಮೇಲೂ ಬಾಗಿಲು ನೋಡುತ್ತಾ ಕೂತಿದ್ದೆ. ಮೇಲೆ ಅವಳು ಗುನುಗುತ್ತಿದ್ದಾಳೆ.

ಜನವರಿ 6, ಸೋಮವಾರ

ಕಟಿಂಗ್ ಮಾಸ್ಟರ್‌ನನ್ನು ಒಳಗೆ ಕರೆದೆ. ಟೇಪನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಸುತ್ತುತ್ತ ನಿಂತ.

“ಫಾರಂನಲ್ಲಿ ಎರಡು ಖಾನೆ ಇತ್ತು ಅಮ್ಮನವರೇ. ಒಳ್ಳೇದಕ್ಕೊಂದು, ಕಳಪೆಗೊಂದು. ಒಂದು ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. ನೀವು ಬೇರೆ ಹೆಸರು ಬರೀಕೂಡದು ಅಂದಿದ್ರಿ...”

“ಎರಡರಲ್ಲೂ ಅದನ್ನೇ ಬರೆದ್ರಾ?”

“ಎಲ್ರೂ. ತಪ್ಪಾಗ್ತಿದೆ ಅಂತ ಗೊತ್ತಿತ್ತು. ನಿಮಗೆ ಹೇಳೋರು ಯಾರು?”

ಹೊರಗೆ ನಲವತ್ತು ಮಷಿನ್ ಓಡುತ್ತಿದ್ದವು. ಒಬ್ಬರೂ ತಲೆ ಎತ್ತಲಿಲ್ಲ. ಬಾಯಿ ಹೊಲಿದುಕೊಂಡು ಇಪ್ಪತ್ತಾರು ದಿನ ಕೂತಿದ್ದಾರೆ. ಬಯ್ಯಬೇಕು ಎಂದು ಹೋದವಳು ಕಾಜಾದವಳ ಮುಂದೆ ನಿಂತೆ. ಅವತ್ತು ಕೈ ಎತ್ತಿದ್ದು ಇದಕ್ಕೇ. ಅವಳು ಎದ್ದು ನಿಂತಳು. ವಾಪಸ್ ಬಂದೆ.

ಮಗಳ ಮೇಲೆ ಹಗೆ ಯಾರಿಗೂ ಇರಲಿಲ್ಲ. ನಾನಿದ್ದೆ.

ಮಧ್ಯಾಹ್ನ ಮೆಡಿಕಲ್ ಸ್ಟೋರಿಗೆ ಹೋದೆ. ಇಪ್ಪತ್ತು ವರ್ಷದಲ್ಲಿ ಅವನ ಅಂಗಡಿ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಹೇಳಿದೆ. ತಮ್ಮ ಕೌಂಟರಿಗೆ ಒರಗಿ ನಿಂತುಬಿಟ್ಟ.

“ಅವನ್ನೆಲ್ಲ ತೆಗೆದು ಹಾಕು” ಎಂದೆ. ಕೇಳಿಕೊಂಡೆ ಎನ್ನಬೇಕು.

“ತೆಗೀಬಹುದು. ತೆಗೆದ್ರೆ ಯಾರು ಮಾಡಿಸಿದ್ದು ಅಂತ ಭಾನುವಾರ ರಿಸಲ್ಟ್ ದಿನ ಸ್ಟೇಜ್ ಮೇಲೆ ಹೇಳ್ಬೇಕು, ಅದು ರೂಲು. ಮುನ್ನೂರು ಜನ ಇರ್ತಾರೆ. ಪತ್ರಿಕೆಯೋರು ಇರ್ತಾರೆ. ನಿನ್ನ ಹೆಸರು ಹೇಳಲಾ ಅಕ್ಕ?”

ಮೆಟ್ಟಿಲು ಇಳಿದು ಬಂದೆ. ಆಸ್ಪತ್ರೆಯವರು, ಶಾಲೆಯವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಈ ಬೀದಿಯಲ್ಲಿ ತಲೆ ತಗ್ಗಿಸಿ ನಡೆದವಳಲ್ಲ ನಾನು.

ಜನವರಿ 8, ಬುಧವಾರ

“ನಿನ್ನ ಸಿನಿಮಾ ತೋರಿಸು” ಎಂದೆ.

ಅವಳ ಕೈಯಿಂದ ಪೆನ್ನು ಜಾರಿತು. ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟು ಕಿಟಕಿ ಕಡೆ ಮುಖ ಮಾಡಿ ನಿಂತಳು. ಮುಗಿಯುವವರೆಗೂ ತಿರುಗಲಿಲ್ಲ.

ಒಬ್ಬ ಹೆಂಗಸು ಮನೆಯ ಬೀಗದ ಕೈ ಕಳೆದುಕೊಂಡು ಇಡೀ ದಿನ ತನ್ನ ಮನೆಯ ಹೊರಗೇ ಕಳೆಯುತ್ತಾಳೆ. ಅಷ್ಟೇ ಕಥೆ. ಬಾಗಿಲು ಒಡೆಸಬಹುದು, ಪಕ್ಕದವರನ್ನು ಕೇಳಬಹುದು. ಕೇಳುವುದಿಲ್ಲ. ಕೇಳಿದರೆ ಚಿಕ್ಕವಳಾಗುತ್ತೇನೆ ಎನ್ನುವ ಹೆಂಗಸು. ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಅವಳು ಕೂರುವ ರೀತಿ ನನಗೆ ಗೊತ್ತು.

“ನಡುವೆ ಅರ್ಧ ಗಂಟೆ ಸಡಿಲ. ಸೊಂಟದ ಹತ್ತಿರ ಬಟ್ಟೆ ಹೆಚ್ಚಾದ ಹಾಗೆ. ಅಲ್ಲಿ ಹಿಡಿದು ಹೊಲೀಬೇಕಿತ್ತು.”

“ಹ್ಞೂಂ.”

“ಕೊನೆ ಸರಿಯಾಗಿದೆ. ಅಲ್ಲಿ ಕೈ ಹಾಕೋದು ಬೇಡ.”

“ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ಅಮ್ಮ?” ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಬೆನ್ನಿನಲ್ಲಿ ಗೊತ್ತಾಗಲಿಲ್ಲ.

ವೋಟಿನ ವಿಷಯ ಆಗಲೇ ಹೇಳಬೇಕಿತ್ತು. ಶಾಲೆ ಆರ್ಡರ್ ಇದೆ ಎಂದು ಎದ್ದು ಬಂದೆ.

ಜನವರಿ 11, ಶನಿವಾರ

ನಾಳೆ ಥಿಯೇಟರಿನಲ್ಲಿ ಫಲಿತಾಂಶ. ಅವಳು ಹಾಕಿಕೊಳ್ಳುವ ಬಟ್ಟೆಗೆ ಇಸ್ತ್ರಿ ಮಾಡಿ ಇಟ್ಟಿದ್ದಾಳೆ. ಐದರಲ್ಲಿ ಬರುತ್ತದೆ ಎಂದು ನಾನು ಹೇಳಿದ್ದೇನಲ್ಲ.

ಮುರಿದ ಕುರ್ಚಿ ಹೊತ್ತುಕೊಂಡು ಈ ಗೇಟಿನೊಳಗೆ ಬರುತ್ತಾರೆ. ಚಿಲಕವಿಲ್ಲದ ಕೋಣೆಗೆ ಅವಳು ಓಡಿ ಹೋಗುತ್ತಾಳೆ. ಆಮೇಲೆ...

ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಗಂಡ ಹೋದಾಗಲೂ ಹೀಗೆ ಅತ್ತಿರಲಿಲ್ಲ, ಅವತ್ತು ಆರ್ಡರ್ ಕೊಡಬೇಕಿತ್ತು.

ಜನವರಿ 12, ಭಾನುವಾರ. ಬೆಳಿಗ್ಗೆ 9

ಹೇಳಿದೆ. ಅವಳ ಮಂಚದ ಮೇಲೆ ಕೂತು, ಬೋರ್ಡು, ರಿಜಿಸ್ಟರ್, ಎರಡು ಖಾನೆ, ಎಲ್ಲ ಹೇಳಿದೆ.

ಮೊದಲು ನಕ್ಕಳು. “ನಲವತ್ತು ಜನ ಕೂತ್ಕೊಂಡು ಎರಡರಲ್ಲೂ ಅದನ್ನೇ ಬರೆದ್ರಾ?” ನಗು ಅಲ್ಲೇ ತುಂಡಾಯಿತು. ಇಸ್ತ್ರಿ ಮಾಡಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದಳು.

“ನಾನು ನಿನ್ನ ಮಾತು ನಂಬಿದ್ದೆ.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಕೇಳಿದಳು — “ನೂರರವತ್ತರಲ್ಲಿ ನಿನ್ನದು ನೂರ ಮೂವತ್ತೆಂಟು. ಮಿಕ್ಕಿದ್ದು ಇಪ್ಪತ್ತೆರಡು. ಅವರು ಯಾರು?”

“ನನಗೆ ಗೊತ್ತಿಲ್ಲ.”

“ನಿನಗೆ ಗೊತ್ತಿಲ್ಲದೋರು” ಎಂದಳು. ಇನ್ನೊಮ್ಮೆ ತನಗೇ ಹೇಳಿಕೊಂಡಳು. ನಿಜವಾಗಿ ಕಳಪೆ ಎಂದವರು ನಾಲ್ಕೇ ಜನ ಎಂದು ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ.

ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡಿದ್ದೇನೆ. ಆಟೋ ಬಂತು.

ಜನವರಿ 13, ಸೋಮವಾರ. ಬೆಳಿಗ್ಗೆ 8

ನಿನ್ನೆ ನಡೆದದ್ದು ಬರೆದಿಡುತ್ತೇನೆ.

ಥಿಯೇಟರ್ ತುಂಬಿತ್ತು. ಕುರ್ಚಿ ಸ್ಟೇಜಿನ ಮೇಲೆ ಹೂವು ಕಟ್ಟಿಸಿಕೊಂಡು ಕೂತಿತ್ತು. ರೆಕ್ಸಿನ್ ಹರಿದು ನಾರು ಹೊರಗೆ. ತಮ್ಮ ಮೈಕ್ ಹಿಡಿದು ನನ್ನನ್ನು ನೋಡಿ ಮಾತು ನಿಲ್ಲಿಸಿದ. ಮೆಟ್ಟಿಲು ಹತ್ತಿದೆ. ಮೈಕ್ ಅವನೇ ಕೊಟ್ಟ.

ಹೇಳಿದೆ. ನಾನು ಯಾರು, ಯಾವ ಶೆಡ್ಡಿನವಳು, ಸಿನಿಮಾ ನೋಡದೆ ನೂರ ಮೂವತ್ತೆಂಟು ವೋಟು ಹಾಕಿಸಿದೆ, ನನ್ನ ಮಗಳಿಗೆ ಗೊತ್ತಿರಲಿಲ್ಲ, ಕೆಲಸದವರದ್ದು ತಪ್ಪಲ್ಲ. ರಿಜಿಸ್ಟರ್ ಮೇಜಿನ ಮೇಲಿಟ್ಟೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ — “ಅಮ್ಮಾವ್ರೇ, ಮುಂದಿನ ವರ್ಷ ನಂದೂ ಒಂದು ಸಿನಿಮಾ ಇದೆ.” ಇಡೀ ಥಿಯೇಟರ್ ನಕ್ಕಿತು. ನಿಂತು ನಗಿಸಿಕೊಂಡೆ. ಮೂರನೇ ಸಾಲಿನಲ್ಲಿ ಆಸ್ಪತ್ರೆ ಮ್ಯಾನೇಜರ್ ಇದ್ದರು. ಕಣ್ಣು ತಪ್ಪಿಸಿದರು.

ಆ ವೋಟು ತೆಗೆದರು. ಒಳ್ಳೆಯದರಲ್ಲಿ ಅವಳದ್ದು ಮೂವತ್ತೊಂದನೆಯದು. ಕಳಪೆ ಪಟ್ಟಿಯಲ್ಲಿ ಎಲ್ಲೋ ಕೆಳಗೆ. ಕುರ್ಚಿ ಇನ್ಯಾರದ್ದೋ ಮನೆಗೆ ಹೋಗಬೇಕಿತ್ತು.

“ಬೇಡ. ಈ ವರ್ಷದ ಕಳಪೆ ಕೆಲಸ ನಂದು. ಇಲ್ಲಿ ಕೊಡಿ” ಎಂದೆ. ಆಟೋ ಹಿಂದೆ ಕಟ್ಟಿಸಿಕೊಂಡು ಬಂದೆ. ಫೋಟೋ ತೆಗೆದರು, ತೆಗೆಯಲಿ.

ನಿರ್ಮಾಪಕರ ಫೋನ್ ಬಂದಿಲ್ಲ. ಬರುವುದಿಲ್ಲ. ಮಗಳು ನಿನ್ನೆ ಊಟ ಮಾಡಲಿಲ್ಲ. ಮಹಡಿಯಲ್ಲಿ ಸದ್ದಿಲ್ಲ.

ಇವತ್ತು ಬೆಳಿಗ್ಗೆ ಶೆಡ್ಡಿಗೆ ಬಂದು ನನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಕಾಜಾದವಳ ಮಷಿನ್ ಮುಂದೆ ಹಾಕಿದೆ. ಅವಳು ಕೂರಲಿಲ್ಲ. ಕೂರು ಎಂದೆ. ತುದಿಯಲ್ಲಿ ಕೂತಳು. ಮುರಿದದ್ದನ್ನು ನನ್ನ ಜಾಗದಲ್ಲಿ ಹಾಕಿ ಕೂತೆ. ಮಷಿನ್ ಶುರುವಾದವು.

ಒಂದು ಕಾಲು ಗಿಡ್ಡ. ಬರೆಯುವಾಗ ಅಲ್ಲಾಡುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ — ಮಗಳು. ನಿನ್ನೆಯದೇ ಬಟ್ಟೆ, ಕಣ್ಣು ಊದಿದೆ. ನನ್ನ ಮುಖ ನೋಡಲಿಲ್ಲ. ಕೆಳಗೆ ಬಿದ್ದಿದ್ದ ಕಾಲರ್ ಚೂರು ಎತ್ತಿಕೊಂಡು, ಮಡಚಿ, ಆ ಕಾಲಿನ ಕೆಳಗೆ ಇಡಲು ಬಗ್ಗಿದ್ದಾಳೆ. ಬೇಡ, ಅಲ್ಲಾಡಲಿ ಎಂದೆ. ಅವಳು ಕೇಳದೆ ಚೂರನ್ನು ಒಳಗೆ ತಳ್ಳಿದಳು.