ಪಾಲಿಸಿ ಓದಿ ಹೇಳು ಎಂದಿರಲ್ಲ

ಫೆಬ್ರವರಿ 11, ಬುಧವಾರ
ಮನೆಯಿಂದ

ನಮ್ಮ ಮನೆಯವರಿಗೆ ನಿಮ್ಮಾಕೆಯ ನಮಸ್ಕಾರ.

ಬರೆಸಿ, ಫೋಟೊ ತೆಗೆಸಿ ಕಳಿಸಿದ ನಿಮ್ಮ ಪತ್ರ ತಲುಪಿತು. ಅಕ್ಷರ ದುಂಡಗಿದೆ, ನಿಮ್ಮದಲ್ಲ. ಪಾರ್ಶ್ವವಾಯು ಹೊಡೆದು ಬಲಗೈ ಏಳುತ್ತಿಲ್ಲ, ನಮ್ಮ ನಲ್ಲಿ ಅಂಗಡಿಯಲ್ಲಿ ಗಿರಾಕಿಗಳಿಗೆ ಶವರ್ ತೋರಿಸುವ ಹುಡುಗಿಯೂ ಹೇಗೋ ನಾನು ಬಂದ ಈ ಪರದೇಶದ ಸಮ್ಮೇಳನಕ್ಕೇ ಬಂದಿದ್ದಳು, ಅವಳ ಕೈಲಿ ಬರೆಸುತ್ತಿದ್ದೇನೆ ಎಂದಿದ್ದೀರಿ. ಬಂದಿದ್ದು ಒಳ್ಳೆಯದೇ ಆಯಿತು. ಈ ಉತ್ತರವನ್ನೂ ಅವಳೇ ಓದಿ ಹೇಳಲಿ. ಓದಮ್ಮಾ, ಸ್ವಲ್ಪ ಜೋರಾಗಿ ಓದು. ಅವರಿಗೆ ಎಡಗಿವಿ ಮಂದ.

ಬೀರುವಿನಲ್ಲಿರುವ ಪ್ರವಾಸ ವಿಮೆಯ ಪಾಲಿಸಿ ತೆಗೆದು ಓದು, ಏನೇನು ಸಿಗುತ್ತದೆ ತಿಳಿಸು ಎಂದಿದ್ದೀರಿ. ವಿಮೆಯವರು ಹೂಂ ಎಂದರೆ ಆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಯುತ್ತದೆ, ಊಹೂಂ ಎಂದರೆ ಶುಕ್ರವಾರ ಹಾಸಿಗೆ ಬಿಡಿಸುತ್ತಾರೆ ಎಂದೂ ಬರೆಸಿದ್ದೀರಿ. ಮದುವೆಯಾದಾಗಿನಿಂದ ಸಣ್ಣ ಅಕ್ಷರ ಓದುವುದು ನನ್ನ ಪಾಲಿನ ಕೆಲಸ. ಮಿಕ್ಸಿಯ ಪುಸ್ತಕದಿಂದ ಹಿಡಿದು ಅಂಗಡಿಯ ಬಾಡಿಗೆ ಕರಾರಿನವರೆಗೆ, “ನೀನೇ ಓದಿ ಎರಡು ಮಾತಲ್ಲಿ ಹೇಳ್ಬಿಡೆ, ನಂಗೆಲ್ಲಿದೆ ಪುರುಸೊತ್ತು” ಎನ್ನುತ್ತಿದ್ದಿರಿ. ಈಗ ನಿಮಗೆ ಬೇಕಾದಷ್ಟು ಪುರುಸೊತ್ತಿದೆ. ಅದಕ್ಕೇ ಎರಡು ಮಾತಲ್ಲಿ ಮುಗಿಸುವುದಿಲ್ಲ.

ಇದು ಗಂಡ ಹೆಂಡತಿ ಜೋಡಿಯಾಗಿ ತೆಗೆದುಕೊಳ್ಳುವ ಪಾಲಿಸಿ. ನಿಮ್ಮ ಹೆಸರಿನ ಕೆಳಗೆ ಸಹಪ್ರಯಾಣಿಕರು ಎಂಬಲ್ಲಿ ನನ್ನ ಹೆಸರಿದೆ. ಹೊರಡಲು ವಾರವಿದ್ದಾಗ, “ನಿಂಗೆ ವಿಮಾನ ಅಂದ್ರೆ ತಲೆ ಸುತ್ತುತ್ತೆ, ಮುಂದಿನ ಸಲ ನೋಡೋಣ” ಎಂದಿರಿ. ಒಮ್ಮೆಯೂ ವಿಮಾನ ಹತ್ತದ ತಲೆ ಹೇಗೆ ಸುತ್ತಿತೋ ನಾನು ಕೇಳಲಿಲ್ಲ. ನನ್ನನ್ನು ಪ್ರವಾಸದಿಂದ ತೆಗೆದಿರಿ, ಪಾಲಿಸಿಯಿಂದ ತೆಗೆಯಲು ಮರೆತಿರಿ. ಹಾಗಾಗಿ ಈ ಪತ್ರ ಓದುತ್ತಿರುವವಳಿಗೆ ಇದರಲ್ಲಿ ಏನೂ ಇಲ್ಲ. ಅವಳ ಹೋಟೆಲಾಗಲಿ, ತಪ್ಪಿಹೋದ ವಿಮಾನವಾಗಲಿ, ನಾಳೆ ಅವಳೇ ಮೆಟ್ಟಿಲು ಜಾರಿ ಬಿದ್ದರೆ ಕಟ್ಟಿಸುವ ಕಟ್ಟಾಗಲಿ, ಯಾವುದೂ ಸೇರುವುದಿಲ್ಲ. ನೋಡಿಕೊಂಡು ಓಡಾಡಮ್ಮಾ.

ಮುಂದಿನ ಪುಟದಲ್ಲಿ ಒಂದು ಒಳ್ಳೆಯ ಸೌಲಭ್ಯವಿದೆ. ರೋಗಿ ಪರದೇಶದಲ್ಲಿ ಒಂಟಿಯಾಗಿದ್ದರೆ ಮನೆಯವರೊಬ್ಬರನ್ನು ಕಂಪನಿಯೇ ವಿಮಾನದಲ್ಲಿ ಕರೆಸಿ ಹಾಸಿಗೆಯ ಪಕ್ಕ ಕೂರಿಸುತ್ತದೆ. ಓದಿ ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಜೊತೆಯಲ್ಲಿ ವಯಸ್ಕರು ಯಾರಾದರೂ ಇದ್ದರೆ ಅದು ಅನ್ವಯಿಸುವುದಿಲ್ಲವಂತೆ. ನಿಮ್ಮ ಜೊತೆ ಆರೈಕೆಗೆ ಇವಳಿದ್ದಾಳೆಂದು ಆಸ್ಪತ್ರೆಯವರು ವಿಮೆಯವರಿಗೆ ಆಗಲೇ ಬರೆದು ಕೊಟ್ಟಿದ್ದಾರಂತೆ. ಅಲ್ಲಿಗೆ ನನ್ನ ಪ್ರಯಾಣ ಎರಡನೆಯ ಸಲವೂ ರದ್ದಾಯಿತು.

ಈಗ ಮುಖ್ಯವಾದದ್ದು. ಮೊದಲಿಂದ ಇದ್ದ, ಹೇಳದೆ ಮುಚ್ಚಿಟ್ಟ ಕಾಯಿಲೆಯಿಂದ ಏನೇ ಆದರೂ ಕಂಪನಿ ಜವಾಬ್ದಾರಿಯಲ್ಲ. ಅರ್ಜಿಯಲ್ಲಿ ರಕ್ತದೊತ್ತಡ ಇದೆಯೇ ಎಂಬುದಕ್ಕೆ ನೀವು ದಪ್ಪಗೆ ‘ಇಲ್ಲ’ ಎಂದು ಬರೆದಿದ್ದೀರಿ. ಆರು ವರ್ಷದ ಹಿಂದೆ ಡಾಕ್ಟರು ಬಿಪಿ ನೋಡಿ ಮಾತ್ರೆ ಬರೆದಾಗ, “ಗುಂಡುಕಲ್ಲಿನ ಹಾಗಿದೀನಿ, ಮಾತ್ರೆ ನುಂಗೋದು ಮುದುಕರು” ಎಂದು ಎದ್ದು ಬಂದವರು ನೀವು. ಡಾಕ್ಟರು ಚೀಟಿಯನ್ನು ನನ್ನ ಕೈಗಿಟ್ಟು, “ಹೇಗಾದ್ರೂ ಮಾಡಿ ಹೊಟ್ಟೆಗೆ ಸೇರಿಸಮ್ಮ” ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಮಾತ್ರೆ ಕುಟ್ಟಿ ನಿಮ್ಮ ಕಾಫಿಗೆ ಬೆರೆಸುತ್ತಿದ್ದೆ. “ಇವಳ ಕೈಯ ಕಾಫಿ ಕುಡಿಯೋಕೂ ಧೈರ್ಯ ಬೇಕು, ವಿಷ ಕಹಿ” ಎಂದು ನೆಂಟರ ಮುಂದೆಲ್ಲ ನಗಾಡಿದಿರಿ. ಹಲ್ಲು ಕಚ್ಚಿಕೊಂಡು ಬೆರೆಸಿದೆ.

ಈ ಸಲವೂ ಪುಡಿ ಮಾಡಿ, ಚಿಕ್ಕ ಸ್ಟೀಲ್ ಡಬ್ಬಿಗೆ ತುಂಬಿ, ಅಜೀರ್ಣಕ್ಕೆ ಒಳ್ಳೆಯದು, ಕಾಫಿಯಲ್ಲಿ ಚಿಟಿಕೆ ಹಾಕಿಕೊಳ್ಳಿ ಎಂದು ಹೇಳಿ ಸೂಟ್‌ಕೇಸಿನಲ್ಲಿಟ್ಟಿದ್ದೆ. ನೀವು ಜಾಗ ಸಾಲದೆಂದು ತೆಗೆದು ಚಪ್ಪಲಿ ಗೂಡಿನ ಮೇಲೆ ಇಟ್ಟು ಹೋಗಿದ್ದಿರಿ. ನಿಮ್ಮ ಕಾರು ಹೋದ ಮೇಲೆ ನೋಡಿದೆ, ಏನು ಮಾಡಲಿ! ಎಂಟು ದಿನದ ಮೇಲೆ ನಿಮ್ಮ ಸಂದೇಶ ಬಂತು: ‘ಇಲ್ಲಿನ ಕಾಫಿ ಕುಡಿದ ಮೇಲೆ ಕಾಫಿ ಎಂದರೇನು ಅಂತ ಗೊತ್ತಾಯ್ತು.’ ಆ ಸಾಲು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಅದಾಗಿ ಮೂರನೆಯ ದಿನ ನೀವು ಬಿದ್ದಿರಿ.

ನಿನ್ನೆ ವಿಮಾ ಕಂಪನಿಯಿಂದ ಫೋನು ಬಂದಿತ್ತು. ಒಳ್ಳೆಯ ಮನುಷ್ಯ ಪಾಪ. “ಮೇಡಂ, ಸಾರ್‌ಗೆ ಮೊದ್ಲಿಂದ ಬಿಪಿ ಏನಾದ್ರೂ ಇತ್ತಾ? ಇಲ್ಲ ಅಂತ ಮನೆಯವ್ರು ಒಂದು ಮಾತು ಬರೆದು ಕಳಿಸಿದ್ರೆ ನಮ್ ಕಡೆಯಿಂದ ಇವತ್ತೇ ಪಾಸ್ ಮಾಡ್ತೀವಿ” ಎಂದರು. ಸುಳ್ಳು ಹೇಳು ಎಂದು ಇದಕ್ಕಿಂತ ಮೃದುವಾಗಿ ಯಾರೂ ಹೇಳಲಾರರು. ರಾತ್ರಿಯೆಲ್ಲ ಯೋಚಿಸಿದೆ ಎಂದುಕೊಳ್ಳಬೇಡಿ, ಚೆನ್ನಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು ಡಾಕ್ಟರ ಆರು ವರ್ಷದ ಚೀಟಿಗಳನ್ನೂ ಔಷಧಿ ಅಂಗಡಿಯ ರಸೀದಿಗಳನ್ನೂ ಜೋಡಿಸಿ ಅವರಿಗೆ ಕಳಿಸಿಬಿಟ್ಟೆ. ನನಗೆ ಸುಳ್ಳು ಬರೆದು ಅಭ್ಯಾಸವಿಲ್ಲ, ನಿಮಗೇ ಗೊತ್ತಲ್ಲ.

ಶುಕ್ರವಾರ ಅವರು ಹಾಸಿಗೆ ಬಿಡಿಸಿದಾಗ ನಿಮ್ಮನ್ನು ಎತ್ತಿ ಕೂರಿಸಲು ಒಬ್ಬರು ಬೇಕಾಗುತ್ತದೆ. ಬಲ ಮಗ್ಗುಲಿಗೆ ಆನಿಸಿಕೊಂಡು ಎತ್ತಬೇಕಮ್ಮಾ, ಅವರದು ಭಾರದ ಮೈ. ನಿನಗೂ ಹೊರಡುವ ಮನಸ್ಸಾದರೆ ಅವರಿಗೆ ಹೇಳಿಯೇ ಹೊರಡು. ಹೇಳದೆ ಹೋದರೆ ಅವರಿಗೆ ತುಂಬ ಸಿಟ್ಟು ಬರುತ್ತದೆ.

ಇಂತಿ,
ಪಾಲಿಸಿಯ ಪ್ರಕಾರ ಈಗಲೂ ನಿಮ್ಮ ಪಕ್ಕದಲ್ಲಿಯೇ ಇರುವ
ಹೆಂಡತಿ

ಮರೆತಿದ್ದೆ: ಡಬ್ಬಿಯನ್ನು ಕಾರು ಹೋದ ಮೇಲೆ ನೋಡಿದೆ ಎಂದೆನಲ್ಲ, ಅದೊಂದು ಮಾತು ಸರಿಯಲ್ಲ. ಕನ್ನಡಕ ಮರೆತು ಮತ್ತೆ ಮೆಟ್ಟಿಲು ಹತ್ತಿ ಬಂದಿರಲ್ಲ, ಆಗ ಅದು ನನ್ನ ಕೈಯಲ್ಲೇ ಇತ್ತು. ಕಿಟಕಿಯಿಂದ ಕೆಳಗೆ ನೋಡಿದೆ. ಕಾರಿನ ಹಿಂದಿನ ಸೀಟಿನಲ್ಲಿ ಇವಳು ನಿಮ್ಮ ಕೋಟನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದಳು. “ಏನೇ ಅದು ಕೈಲಿ?” ಎಂದು ಕೇಳಿದಿರಿ. ಏನಿಲ್ಲ ಎಂದೆ. ಕನ್ನಡಕ ಒರೆಸಿ ಕೊಟ್ಟೆ.