ಬೆಚ್ಚಗಿಟ್ಟ ಪೆಟ್ಟಿಗೆಗಳು

ವಳಕಮದಿನ್ನಿ
9 ಜನವರಿ 2025

ಮಗಳು ನಂದಿನಿಗೆ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಬೇಕು, ಬರೆಯಲಾರೆ. ನಿನ್ನ ನಾಲ್ಕೂ ಪೆಟ್ಟಿಗೆಯ ಜೇನುಹುಳುಗಳು ಸತ್ತಿವೆ. ಮೂರು ದಿನದಿಂದ ಫೋನಿನಲ್ಲಿ ‘ಹುಳ ಆರಾಮ ಅದಾವ’ ಎಂದು ಸುಳ್ಳು ಹೇಳುತ್ತ ಬಂದೆ. ಲಿಂಗಸುಗೂರಿನ ಗಂಡನ ಮನೆಯಲ್ಲಿ ಎಂಟು ತಿಂಗಳ ಹೊಟ್ಟೆ ಹೊತ್ತು ಕೂತವಳಿಗೆ ಇದನ್ನು ಬಾಯಿಂದ ಹೇಳಲು ಧೈರ್ಯ ಬರಲಿಲ್ಲ.

ಈ ಸಲ ಥಂಡಿ ಬಲು ಜೋರು. ಕಾಲುವೆ ಕಡೆಯಿಂದ ಗಾಳಿ ಬೀಸಿದರೆ ನನ್ನ ಹಲ್ಲೇ ಕಟಕಟ ಅನ್ನುತ್ತವೆ, ಇನ್ನು ಅಷ್ಟು ಸಣ್ಣ ಹುಳುಗಳ ಗತಿ ಏನು ಎಂದುಕೊಂಡೆ. ಮುಚ್ಚಳದ ಕೆಳಗೆ ಗಾಳಿ ಆಡಲೆಂದು ನೀನು ಬಿಟ್ಟಿದ್ದ ಸಂದಿಗೆಲ್ಲ ಹಳೆ ಸೀರೆಯ ಚಿಂದಿ ತುರುಕಿದೆ. ತಾಡಪತ್ರಿ ಸುತ್ತಿ, ಮೇಲೆ ಕಂಬಳಿ ಹೊದಿಸಿದೆ. ಹುಳ ಬಂದುಹೋಗಲು ಒಂದು ಬೆರಳಿನಷ್ಟು ಬಾಗಿಲು ಬಿಟ್ಟೆ. ‘ನನಗ ಹೊದ್ಕೊಳ್ಳಾಕ ಏನರ ಉಳಿಸೀಯೋ ಇಲ್ಲೋ ಬೇ’ ಎಂದು ನಿಮ್ಮಪ್ಪ ನಕ್ಕರು.

ಹೊದಿಸಿದ ಎಂಟನೆಯ ದಿನ ಪೆಟ್ಟಿಗೆಗಳಲ್ಲಿ ಸದ್ದೇ ಇಲ್ಲ. ನಿನಗೆ ಜೇನು ಸಾಕುವುದು ಕಲಿಸಿದ ಉಸ್ಮಾನ್‌ಸಾಬರನ್ನು ಮಸ್ಕಿಯಿಂದ ಕರೆಸಿದೆ. ಅವರು ಮುಚ್ಚಳ ಎತ್ತಿದರು. ಒಳಗೆಲ್ಲ ನೀರು. ಹುಳುಗಳು ತೊಯ್ದು ಮುದ್ದೆಯಾಗಿ ತಳದಲ್ಲಿ ಬಿದ್ದಿದ್ದವು. ಜೇನುತುಪ್ಪ ಹಾಗೇ ಇತ್ತು, ಒಂದೂ ಹಸಿದು ಸತ್ತಿರಲಿಲ್ಲ.

‘ಬರೇ ಥಂಡಿಗೆ ಸತ್ತಿಲ್ಲರೀ ಅಕ್ಕಾ’ ಅಂದರು. ‘ಒಂದಕ್ಕೊಂದು ಒತ್ತಿ ಕುಂತು ಅವು ತಮ್ಮ ಕಾವು ತಾವ ಮಾಡ್ಕೋತಾವ. ಅವುಗಳ ಉಸಿರು ಮ್ಯಾಲಿಂದ ಹೊರಗ ಹೋಗಾಕ ನೀವು ಜಾಗಾನ ಬಿಟ್ಟಿಲ್ಲ. ಅದು ನೀರಾಗಿ ಮ್ಯಾಲ ಬಿದ್ದೈತಿ. ತೊಯ್ದ ಮೈಯಾಗ ಥಂಡಿ ಹೆಂಗ ತಡೀತಾವ?’

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿಕೊಂಡು ಹೋಗಿ ಹೊಲದ ಬದುವಿನಲ್ಲಿ ಹೂತು ಬಂದೆ.

ಈಗ ಮುಖ್ಯ ಮಾತು. ಮುಂದಿನ ವಾರ ಹೆರಿಗೆಗೆ ನಿನ್ನನ್ನು ಕರೆತರುತ್ತೇನೆ ಎಂದಿದ್ದೆ. ಬರಬೇಡ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆಯದ ಇವಳೆಂಥ ತಾಯಿ ಎಂದು ಬೀಗರು ಆಡಿಕೊಳ್ಳಲಿ. ನಿಮ್ಮಪ್ಪನೂ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನೀನು ಅಲ್ಲೇ ಇರು. ನಿಮ್ಮತ್ತೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಕೋಣೆಯ ಕಿಟಕಿ ತೆಗೆದಿಡುತ್ತಾರೆ. ಥಂಡಿ ಬಿತ್ತೆಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ಮುಚ್ಚುತ್ತಲೇ ಹೋಗುತ್ತದೆ. ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ, ನನಗೆ ನನ್ನದೇ ಭಯ.

ನಿನ್ನ ಅವ್ವ,
ಯಮನೂರಮ್ಮ

ತಾ.ಕ.: ನಿನಗಿಂತ ಮೊದಲು ಹುಟ್ಟಿದ ಗಂಡು ಕೂಸು ಥಂಡಿ ಹತ್ತಿ ತೀರಿತು ಎಂದು ನಿನಗೆ, ನಿಮ್ಮಪ್ಪನಿಗೆ, ಊರಿಗೆಲ್ಲ ಹೇಳಿದ್ದೆ. ಬಾಣಂತಿ ಕೋಣೆಯ ಕಿಟಕಿ, ಬಾಗಿಲ ಸಂದಿ ಎಲ್ಲ ನಾನೇ ಮುಚ್ಚಿಸಿ, ಹೊರಸಿನ ಕೆಳಗೆ ಕೆಂಡ ಇಡಿಸಿಕೊಂಡು ಮಲಗಿದ್ದೆ. ಬೆಳಿಗ್ಗೆ ಆ ಕಟ್ಟಿದ ಗಾಳಿಗೆ ನನಗೆ ತಲೆ ಎತ್ತಲಾಗಲಿಲ್ಲ. ಕೂಸು ಏಳಲೇ ಇಲ್ಲ. ಎತ್ತಿಕೊಂಡಾಗ ಅದರ ಮೈ ಬೆಚ್ಚಗಿತ್ತು, ಕೊರಳಲ್ಲಿ ಬೆವರಿತ್ತು.